ಮರದ ಹೆಸರಿಗೆ ಊರಿನ ಗುರುತೂ ಬೇಕು

ಬಾಲ್ಸಮ್ ಪಾಪ್ಲರ್ ಎಂಬ ಮರ ಅಲಾಸ್ಕದಿಂದ ಕೆನಡಾದ ಪೂರ್ವದಂಚಿನ ನ್ಯೂಫೌಂಡ್‌ಲ್ಯಾಂಡ್‌ವರೆಗೆ ಹರಡಿದೆ. ಉತ್ತರ ಅಮೆರಿಕದ ಅಗಲೆಲೆಯ ಮರಗಳಲ್ಲಿ ಇದರಷ್ಟು ಉತ್ತರಕ್ಕೆ ಹೋಗಿ ನೆಲೆಸಿದ್ದು ಇನ್ನೊಂದಿಲ್ಲ. ಹೊಳೆ ಹೊಸದಾಗಿ ತಂದು ಹಾಕಿದ ಮೆಕ್ಕಲಿನ ಮೇಲೆ ಮೊದಲು ಬೇರು ಬಿಡುವ ಮರಗಳಲ್ಲಿ ಇದೂ ಒಂದು. ಚಳಿಗಾಲದಲ್ಲಿ ಇದನ್ನು ಗುರುತಿಸಲು ಬೋಳು ರೆಂಬೆಯ ತುದಿಯನ್ನು ನೋಡಿದರೆ ಸಾಕು. ಅಲ್ಲಿ ಸುಮಾರು ಒಂದಂಗುಲ ಉದ್ದದ, ಚೂಪು ಮೂತಿಯ ಕಂದು ಮೊಗ್ಗು ಕೂತಿರುತ್ತದೆ. ಒಂದರ ಮೇಲೊಂದು ಹೊದ್ದ ಪೊರೆಗಳ ಸಂದಿನಿಂದ ಹಳದಿ ಮಿಶ್ರಿತ ಕೆಂಪು ಅಂಟು ಜಿನುಗಿ ಇಡೀ ಮೊಗ್ಗನ್ನು ಮೆತ್ತಿಕೊಂಡಿರುತ್ತದೆ. ಹಿಸುಕಿದರೆ ಅಂಟು ಬೆರಳಿಗೆ ಹತ್ತುತ್ತದೆ, ಅದರ ವಾಸನೆ ಬೇಗ ಬಿಡುವುದಿಲ್ಲ. ವಸಂತದಲ್ಲಿ ಮೊಗ್ಗು ಬಿರಿಯುವಾಗ ಹೊಳೆದಂಡೆಯ ಗಾಳಿಯ ತುಂಬ ಇದೇ ಘಮ. ಎಲೆ ಬಲಿತ ಮೇಲೂ ಅದರ ಅಡಿಬದಿಯಲ್ಲಿ ತುಕ್ಕಿನ ಬಣ್ಣದ ಕಲೆಗಳಾಗಿ ಆ ಅಂಟು ಉಳಿದಿರುತ್ತದೆ. ಹಸಿದ ಹಿಮಮೊಲಗಳು ಎಳೆ ರೆಂಬೆಗಳನ್ನು ಮೊಟಕಿ ಹಾಕುವ ಆ ಸೀಮೆಯಲ್ಲಿ ಮೊಗ್ಗನ್ನು ಉಳಿಸುವುದು ಈ ಅಂಟಿನೊಳಗಿನ ರಾಸಾಯನಿಕಗಳೇ. ಮೊಲ ಒಲ್ಲದ್ದನ್ನು ಜೇನುನೊಣ ಅರಸಿ ಬರುತ್ತದೆ. ಪಾಪ್ಲರ್ ಜಾತಿಯ ಮೊಗ್ಗುಗಳಿಂದ ಅಂಟು ಕೆರೆದು, ಹಿಂಗಾಲಿಗೆ ಮೆತ್ತಿಕೊಂಡು ಹೋಗಿ ಗೂಡಿನ ಬಿರುಕು ಮುಚ್ಚುತ್ತದೆ. ಔಷಧದಂಗಡಿಗಳಲ್ಲಿ ಪ್ರೋಪೊಲಿಸ್ ಎಂದು ಮಾರುವುದು ಇದನ್ನೇ. ತಂಪು ಸೀಮೆಯ ಪ್ರೋಪೊಲಿಸ್‌ನ ಮುಖ್ಯ ಮೂಲ ಪಾಪ್ಲರ್ ಮೊಗ್ಗು.

ಇಷ್ಟು ಸ್ಪಷ್ಟವಾದ ಗುರುತಿರುವ ಮರಕ್ಕೆ ಹೆಸರುಗಳು ಮಾತ್ರ ಹತ್ತಾರು. ಅರಣ್ಯ ಇಲಾಖೆಯ ಪುಸ್ತಕದಲ್ಲಿ ಬಾಲ್ಸಮ್ ಪಾಪ್ಲರ್. ಹಳ್ಳಿಗರ ಬಾಯಲ್ಲಿ ಬಾಮ್ ಆಫ್ ಗಿಲ್ಯಾಡ್, ಅದನ್ನೇ ಮೊಟಕಿಸಿ ಬ್ಯಾಮ್. ಹಳೆಯ ಗ್ರಂಥಗಳಲ್ಲಿ ಟಕಾಮಹಾಕ್. ಕೆಲವೆಡೆ ಹ್ಯಾಕ್‌ಮಟಾಕ್, ಅದು ಲಾರ್ಚ್ ಎಂಬ ಬೇರೆಯೇ ಮರಕ್ಕೂ ಸಲ್ಲುವ ಹೆಸರು. ಫ್ರೆಂಚ್ ಮಾತಾಡುವ ಕ್ವಿಬೆಕ್‌ನಲ್ಲಿ ಪ್ಯೂಪ್ಲಿಯೆ ಬೊಮಿಯೆ. ಓಜಿಬ್ವೆ ಜನರಿಗೆ ಮಾನಜಾದಿ. ಈ ಗೊಂದಲವೇ ಬೇಡ, ಲ್ಯಾಟಿನ್ ಹೆಸರೊಂದನ್ನು ಉಳಿಸಿಕೊಂಡು ಮಿಕ್ಕದ್ದನ್ನು ಬಿಡಿ ಎನ್ನುವವರಿದ್ದಾರೆ. ಜನ ಕರೆದದ್ದೇ ಹೆಸರು, ಲ್ಯಾಟಿನ್ ಯಾರಿಗೆ ಬೇಕು ಎನ್ನುವವರೂ ಇದ್ದಾರೆ. ಎರಡೂ ವಾದ ಮರಕ್ಕೂ ಮನುಷ್ಯರಿಗೂ ನಷ್ಟ ತರುತ್ತದೆ ಎನ್ನುವುದು ನನ್ನ ನಿಲುವು. ರೂಢಿಯ ಹೆಸರು ಉಳಿಯಬೇಕು. ಆದರೆ ಅದು ಯಾವ ಊರಿನದು, ಯಾವ ಬಳಕೆಯಿಂದ ಬಂದದ್ದು, ಯಾವ ಸಸ್ಯನಾಮಕ್ಕೆ ಸೇರಿದ್ದು ಎಂಬ ಮೂರು ವಿವರಗಳೊಂದಿಗೆ ಉಳಿಯಬೇಕು. ಈ ಮಾತು ಕೆನಡಾದ ಮರಕ್ಕೆ ಎಷ್ಟು ಅನ್ವಯಿಸುತ್ತದೋ ನಮ್ಮ ಮಲೆನಾಡಿನ ಮರಗಳಿಗೂ ಅಷ್ಟೇ ಅನ್ವಯಿಸುತ್ತದೆ.

ಗಿಲ್ಯಾಡ್ ಎಂಬುದು ಜೋರ್ಡಾನ್ ನದಿಯ ಪೂರ್ವಕ್ಕಿರುವ ಬೆಟ್ಟಸೀಮೆ. ಬೈಬಲ್ಲಿನ ಯೆರೆಮೀಯನ ಗ್ರಂಥದಲ್ಲಿ ಅಲ್ಲಿನ ಗಾಯಹರ ಲೇಪದ ಪ್ರಸ್ತಾಪ ಬರುತ್ತದೆ. ಅದು ಯಾವ ಗಿಡದ್ದೆಂಬುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ನಮ್ಮ ಗುಗ್ಗುಳದ ಕುಲಕ್ಕೇ ಸೇರಿದ ಕಾಮಿಫೊರಾ ಗಿಲಿಯಡೆನ್ಸಿಸ್ ಎಂಬ ಮರುಭೂಮಿಯ ಪೊದೆಗೆ ಸಸ್ಯವಿಜ್ಞಾನಿಗಳು ಆ ಹೆಸರು ಕೊಟ್ಟಿದ್ದಾರೆ. ಬೈಬಲ್ ಓದಿ ಬೆಳೆದ ಯುರೋಪಿನ ವಲಸಿಗರು ಅಮೆರಿಕದ ಹೊಳೆದಂಡೆಯಲ್ಲಿ ಘಮಘಮಿಸುವ ಅಂಟುಮೊಗ್ಗನ್ನು ಕಂಡು, ಅದರಿಂದ ಗಾಯದ ಮುಲಾಮು ಮಾಡಿ, ತಮಗೆ ಗೊತ್ತಿದ್ದ ಅತ್ಯಂತ ಗೌರವದ ಹೆಸರನ್ನು ಅದಕ್ಕಿಟ್ಟರು. ಟಕಾಮಹಾಕ್‌ನ ಕಥೆ ಇನ್ನೂ ದೂರದ್ದು. ಅದು ಮೆಕ್ಸಿಕೋದ ನಾವಾಟ್ಲ್ ಭಾಷೆಯಿಂದ ಬಂದದ್ದು. 1565ರ ಸುಮಾರಿಗೆ ಸ್ಪೇನಿನ ಸೆವಿಲ್‌ನ ವೈದ್ಯ ನಿಕೋಲಾಸ್ ಮೊನಾರ್ಡೆಸ್ ಹೊಸ ಜಗತ್ತಿನ ಔಷಧಗಳ ಬಗ್ಗೆ ಬರೆದಾಗ ಈ ಹೆಸರಿನ ರಾಳವನ್ನೂ ವರ್ಣಿಸಿದ. ಆಮೇಲೆ ಅದೇ ಬಗೆಯ ಘಮವಿದ್ದ ಅಂಟು ಎಲ್ಲಿ ಸಿಕ್ಕರೂ ವ್ಯಾಪಾರಿಗಳಿಗೆ ಅದು ಟಕಾಮಹಾಕ್ ಆಯಿತು. ಉತ್ತರದ ಪಾಪ್ಲರ್‌ಗೂ ಬಂತು, ಹಿಂದೂ ಮಹಾಸಾಗರಕ್ಕೂ ಬಂತು. ಇವತ್ತಿಗೂ ಸೇಶೆಲ್ಸ್ ದ್ವೀಪಗಳಲ್ಲಿ ಟಕಮಕ ಎಂದರೆ ಕಡಲತಡಿಯ ಒಂದು ಮರ. ಆ ಮರ ಬೇರೆ ಯಾವುದೂ ಅಲ್ಲ, ನಮ್ಮ ಕರಾವಳಿಯ ಸುರಹೊನ್ನೆ. ಹತ್ತೊಂಬತ್ತನೆಯ ಶತಮಾನದ ಔಷಧಗ್ರಂಥಗಳು ಸುರಹೊನ್ನೆಯ ಕುಲದ ರಾಳವನ್ನು ಈಸ್ಟ್ ಇಂಡಿಯನ್ ಟಕಾಮಹಾಕ್ ಎಂದು ಕರೆದವು. ಮೆಕ್ಸಿಕೋದ ಒಂದು ಪದ ಕೆನಡಾದ ಹಿಮಕ್ಕೂ ನಮ್ಮ ಕಡಲಿನ ಉಪ್ಪುಗಾಳಿಗೂ ಹೀಗೆ ನಂಟು ಹಾಕಿದೆ.

ಇದನ್ನೆಲ್ಲ ತಪ್ಪುಗಳ ಸರಮಾಲೆ ಎಂದು ತಳ್ಳಿಹಾಕುವುದು ಸುಲಭ. ಪಾಪ್ಲರ್‌ಗೂ ಗಿಲ್ಯಾಡ್‌ಗೂ ಸಂಬಂಧವಿಲ್ಲ, ಸುರಹೊನ್ನೆಗೂ ಮೆಕ್ಸಿಕೋಗೂ ಇಲ್ಲ, ನಿಜ. ಆದರೆ ಆ ಹೆಸರುಗಳು ದಾಖಲಿಸಿದ್ದು ಮರದ ವಂಶಾವಳಿಯನ್ನಲ್ಲ, ಅದರ ಅಂಟಿನ ಗುಣವನ್ನು. ಆ ಮಟ್ಟಿಗೆ ಅವು ಸುಳ್ಳಾಡಿಲ್ಲ. ಪಾಪ್ಲರ್ ಮೊಗ್ಗಿನಲ್ಲಿ ಸ್ಯಾಲಿಸಿನ್ ಇದೆ, ಆಸ್ಪಿರಿನ್ ಯಾವ ಕುಟುಂಬದ ರಾಸಾಯನಿಕವೋ ಅದೇ ಕುಟುಂಬದ್ದು. ಮೊಗ್ಗನ್ನು ಕೊಬ್ಬಿನಲ್ಲಿ ಕಾಯಿಸಿ ಗಾಯಕ್ಕೆ ಹಚ್ಚುವ ಪದ್ಧತಿ ವಲಸಿಗರಿಗಿಂತ ಎಷ್ಟೋ ಮೊದಲು ಅಲ್ಲಿನ ಮೂಲನಿವಾಸಿಗಳಲ್ಲಿತ್ತು. ಓಜಿಬ್ವೆಯವರ ಮಾನಜಾದಿ ಎಂಬ ಹೆಸರನ್ನೇ ನೋಡಿ. ಅವರ ಮಾತಿನಲ್ಲಿ ಅಜಾದಿ ಎಂದರೆ ಆಸ್ಪೆನ್ ಎಂಬ ಇನ್ನೊಂದು ಪಾಪ್ಲರ್, ಮಾನ್ ಎಂಬುದು ಕೀಳು, ಕೆಟ್ಟ ಎಂಬ ಅರ್ಥದ ಪೂರ್ವಪದ. ಅದೇ ಮೊಗ್ಗಿನ ಮುಲಾಮನ್ನು ಬಲ್ಲ ಜನ ಮರವನ್ನು ಆಸ್ಪೆನ್‌ನ ಪಕ್ಕದಲ್ಲಿಟ್ಟು ಇದು ಅದಕ್ಕಿಂತ ಕೀಳು ಎಂದಿದ್ದಾರೆ. ವಲಸಿಗ ಅದಕ್ಕೆ ಪವಿತ್ರ ಲೇಪದ ಹೆಸರಿಟ್ಟ. ಎರಡು ಜನಾಂಗಗಳು ಒಂದೇ ಮರವನ್ನು ಹೇಗೆ ತೂಗಿದವು ಎಂಬುದು ಈ ಎರಡು ಹೆಸರುಗಳಲ್ಲಿ ಉಳಿದಿದೆ. ಪಾಪ್ಯುಲಸ್ ಬಾಲ್ಸಮಿಫೆರಾ ಎಂಬ ಎರಡು ಲ್ಯಾಟಿನ್ ಪದಗಳಲ್ಲಿ ಈ ಸಂಗತಿ ಸಿಗುವುದಿಲ್ಲ.

ವಿಜ್ಞಾನದ ಹೆಸರು ಮಾತ್ರ ಎಂದೂ ಕದಲದು, ಎಲ್ಲರಿಗೂ ಒಂದೇ ಎಂಬ ವಾದಕ್ಕೆ ತಕ್ಕ ಗೌರವ ಕೊಟ್ಟೇ ಹೇಳಬೇಕು, ಅದು ಪೂರ್ತಿ ನಿಜವಲ್ಲ. ಲಿನ್ನೇಯಸ್ 1753ರಲ್ಲಿ ಪಾಪ್ಯುಲಸ್ ಬಾಲ್ಸಮಿಫೆರಾ ಎಂದು ಬರೆದ. ಅಮೆರಿಕದ ಮರಗಳ ಬಗ್ಗೆ ಅಧಿಕಾರವಾಣಿಯಿಂದ ಮಾತಾಡುತ್ತಿದ್ದ ಚಾರ್ಲ್ಸ್ ಸಾರ್ಜೆಂಟ್ 1922ರಲ್ಲಿ ತಂದ ತಮ್ಮ ಕೈಪಿಡಿಯ ಪರಿಷ್ಕೃತ ಆವೃತ್ತಿಯಲ್ಲಿ ಅದೇ ಹೆಸರನ್ನು ಕಾಟನ್‌ವುಡ್ ಎಂಬ ಬೇರೆ ಮರಕ್ಕೆ ಕೊಟ್ಟು, ನಮ್ಮ ಅಂಟುಮೊಗ್ಗಿನ ಮರವನ್ನು ಪಾಪ್ಯುಲಸ್ ಟಕಾಮಹಾಕಾ ಎಂದು ಕರೆದರು. ಮುಂದೆ ಅದು ಮತ್ತೆ ಮೊದಲಿನ ಜಾಗಕ್ಕೆ ಬಂತು. ಆ ಅವಧಿಯ ಒಂದು ಪುಸ್ತಕವನ್ನು ಇಂದಿನವರು ಲ್ಯಾಟಿನ್ ನಂಬಿ ಓದಿದರೆ ಮರವೇ ಅದಲುಬದಲಾಗುತ್ತದೆ. ಅಲ್ಲಿ ರೂಢಿನಾಮವೂ ಪಕ್ಕದಲ್ಲೇ ಅಚ್ಚಾಗಿದ್ದರೆ ದಾರಿ ತಪ್ಪುವುದಿಲ್ಲ. ಪಶ್ಚಿಮ ತೀರದ ಬ್ಲ್ಯಾಕ್ ಕಾಟನ್‌ವುಡ್‌ನ ವಿಷಯದಲ್ಲಿ ಈ ಜಗಳ ಇನ್ನೂ ಮುಗಿದಿಲ್ಲ. ಜಗತ್ತಿನಲ್ಲಿ ಮೊದಲು ಪೂರ್ಣ ಜೀನೋಮ್ ಓದಲಾದ ಮರ ಅದೇ. ವಾಷಿಂಗ್ಟನ್ ರಾಜ್ಯದ ನಿಸ್ಕ್ವಾಲಿ ನದಿಯ ದಂಡೆಯ ಒಂದು ಹೆಣ್ಣುಮರದಿಂದ ಪಡೆದ ಆ ಜೀನೋಮಿನಲ್ಲಿ 45,000ಕ್ಕೂ ಹೆಚ್ಚು ಜೀನ್‌ಗಳನ್ನು ಗುರುತಿಸಿ 2006ರಲ್ಲಿ ಪ್ರಕಟಿಸಿದರು. ಅಷ್ಟಾದರೂ ಅದು ಸ್ವತಂತ್ರ ಪ್ರಭೇದವೋ ಬಾಲ್ಸಮ್ ಪಾಪ್ಲರ್‌ನ ಒಂದು ಉಪಪ್ರಭೇದವೋ ಎಂಬುದರಲ್ಲಿ ಸಸ್ಯವಿಜ್ಞಾನಿಗಳು ಎರಡು ಪಂಗಡ. ಅಂದಹಾಗೆ, ನಮ್ಮ ಹೂವರಸಿ ಮರದ ಸಸ್ಯನಾಮದಲ್ಲಿರುವ ಪಾಪುಲ್ನಿಯಾ ಎಂಬುದಕ್ಕೆ ಪಾಪ್ಲರ್‌ನಂಥದ್ದು ಎಂದೇ ಅರ್ಥ. ಎಲೆಯ ಹೋಲಿಕೆ ನೋಡಿ ಇಟ್ಟದ್ದು. ಹೋಲಿಕೆಯಿಂದ ಹೆಸರಿಡುವ ಅಭ್ಯಾಸ ಹಳ್ಳಿಗರದ್ದಷ್ಟೇ ಅಲ್ಲ.

ಇಷ್ಟು ಹೇಳಿದ ಮಾತ್ರಕ್ಕೆ ರೂಢಿನಾಮವನ್ನು ಅದರ ಪಾಡಿಗೆ ಬಿಟ್ಟರೂ ಆಗುತ್ತದೆ ಎಂದಲ್ಲ. ಬಿಟ್ಟದ್ದರ ಫಲವನ್ನು ನಾವು ಔಷಧದ ಅಂಗಡಿಯಲ್ಲೇ ಕಾಣುತ್ತೇವೆ. ಬಾಮ್ ಆಫ್ ಗಿಲ್ಯಾಡ್ ಎಂದು ಬರೆದ ಡಬ್ಬಿಯಲ್ಲಿ ಮರುಭೂಮಿಯ ಕಾಮಿಫೊರಾ ಇರಬಹುದು, ಪಾಪ್ಲರ್ ಮೊಗ್ಗಿರಬಹುದು. ಕೆನರಿ ದ್ವೀಪಗಳ ಒಂದು ತುಳಸಿಜಾತಿಯ ಗಿಡಕ್ಕೂ ಇದೇ ಹೆಸರಿದೆ. ಆಸ್ಪಿರಿನ್ ಒಗ್ಗದವರಿಗೆ ಈ ವ್ಯತ್ಯಾಸ ಸಣ್ಣದಲ್ಲ. ಪಾಪ್ಲರ್ ಮೊಗ್ಗಿನ ಅಂಟಿಗೆ ಚರ್ಮದಲ್ಲಿ ಅಲರ್ಜಿ ಏಳುವವರೂ ಇದ್ದಾರೆ. ಪ್ರೋಪೊಲಿಸ್ ಹಚ್ಚಿಕೊಂಡವರಲ್ಲಿ ಕೆಲವರಿಗೆ ಕಾಣುವ ತುರಿಕೆಗೆ ಕಾರಣವಾದ ವಸ್ತುಗಳು ಬಹುಮಟ್ಟಿಗೆ ಈ ಮೊಗ್ಗಿನಿಂದಲೇ ಬಂದವು. ನಮ್ಮಲ್ಲಿ ಇದಕ್ಕಿಂತ ಕೆಟ್ಟ ಉದಾಹರಣೆಯಿದೆ. ಬೆಂಗಳೂರಿನ ಬಡಾವಣೆಗಳಲ್ಲಿ ಕಾಂಪೌಂಡಿನ ಉದ್ದಕ್ಕೂ ಕಂಬದಂತೆ ನಿಲ್ಲಿಸಿರುವ ಮರವನ್ನು ಎಲ್ಲರೂ ಅಶೋಕ ಎನ್ನುತ್ತೇವೆ. ಆಯುರ್ವೇದದ ಅಶೋಕ ಬೇರೆ, ಕೇಸರಿ ಹೂಗೊಂಚಲು ಬಿಡುವ ಕಾಡಿನ ಮರ. ಅಶೋಕದ ತೊಗಟೆ ಎಂದು ಈ ಕಂಬದ ಮರದ ತೊಗಟೆಯನ್ನು ಬೆರೆಸಿ ಮಾರುವುದು ದೇಶದ ಗಿಡಮೂಲಿಕೆ ವ್ಯಾಪಾರದಲ್ಲಿ ಬಹುಕಾಲದಿಂದ ದಾಖಲಾಗಿರುವ ಕಲಬೆರಕೆ. ಸ್ತ್ರೀರೋಗಕ್ಕೆಂದು ಹಣ ಕೊಟ್ಟು ಕೊಂಡ ಹೆಂಗಸಿಗೆ ಸಿಗುವುದು ಹೆಸರು ಮಾತ್ರ.

ಹೆಸರು ದಾರಿ ತಪ್ಪಿಸಿದಾಗ ಮರಗಳೇ ಬೆಲೆ ತೆರುವುದೂ ಉಂಟು. ಕಾಶ್ಮೀರದಲ್ಲಿ ರಷ್ಯನ್ ಪಾಪ್ಲರ್ ಎಂದು ಕರೆಯುವ ಮರ ರಷ್ಯದ್ದಲ್ಲ. ಅದು ಅಮೆರಿಕದ ಕಾಟನ್‌ವುಡ್, ಪಾಪ್ಯುಲಸ್ ಡೆಲ್ಟಾಯ್ಡಿಸ್. 1982ರಲ್ಲಿ ವಿಶ್ವಬ್ಯಾಂಕ್ ನೆರವಿನ ಸಾಮಾಜಿಕ ಅರಣ್ಯ ಯೋಜನೆಯಲ್ಲಿ ತಂದದ್ದು. ಸ್ಥಳೀಯ ಪಾಪ್ಲರ್‌ಗಿಂತ ಬಹುಬೇಗ ಬೆಳೆಯುತ್ತದೆ, ಸೇಬಿನ ಪೆಟ್ಟಿಗೆಗೂ ಪ್ಲೈವುಡ್‌ಗೂ ಒದಗುತ್ತದೆ. ಮೇ ತಿಂಗಳಲ್ಲಿ ಹೆಣ್ಣುಮರಗಳಿಂದ ಬಿಳಿ ಹತ್ತಿ ಹಾರುತ್ತದೆ. ಜನ ಅದನ್ನು ಪರಾಗ ಎಂದೇ ಕರೆದರು. ನೆಗಡಿ, ಉಬ್ಬಸಗಳಿಗೆಲ್ಲ ಅದೇ ಕಾರಣ ಎಂದು ದೂರು ಎದ್ದಿತು. ಹೈಕೋರ್ಟಿನ 2015ರ ಆದೇಶದ ಮೇರೆಗೆ ಕಡಿಯುವ ಕೆಲಸ ಶುರುವಾಯಿತು, 2020ರ ಕೋವಿಡ್ ಭಯದ ನಡುವೆ ಹಲವು ಜಿಲ್ಲಾಡಳಿತಗಳು ಮತ್ತೆ ಕಡಿಯಲು ಹೇಳಿದವು. ಆದರೆ ಹೆಣ್ಣುಮರದಿಂದ ಹಾರುವುದು ಪರಾಗವಲ್ಲ, ಬೀಜ ಹೊತ್ತ ನೂಲು. ಪಾಪ್ಲರ್‌ಗಳಲ್ಲಿ ಗಂಡು ಹೆಣ್ಣು ಬೇರೆ ಬೇರೆ ಮರ, ಪರಾಗ ಗಂಡುಮರದ್ದು. ಹತ್ತಿ ಕಣ್ಣು ಮೂಗಿಗೆ ಕಿರಿಕಿರಿ ಮಾಡೀತು. ಅಲರ್ಜಿಯ ಮುಖ್ಯ ಕಾರಣ ಅದೇ ದಿನಗಳಲ್ಲಿ ಗಾಳಿಯಲ್ಲಿರುವ ಹುಲ್ಲು ಮತ್ತಿತರ ಗಿಡಗಳ ಪರಾಗ ಎಂದು ವೈದ್ಯರು ಹೇಳುತ್ತಲೇ ಇದ್ದರು. ಒಂದು ಹೆಸರಿನಿಂದಲೇ ಮರಗಳು ಉರುಳಿದವು ಎಂದರೆ ಅತಿಯಾದೀತು. ಹತ್ತಿಯ ಕಾಟ ನಿಜವಾದದ್ದೇ, ಅದನ್ನು ಅನುಭವಿಸಿದವರ ದೂರನ್ನು ಹಗುರ ಮಾಡಬಾರದು. ಆದರೆ ಪರದೇಶದ ಹೆಸರೊಂದು, ತಪ್ಪಾಗಿ ಅಂಟಿದ ಪರಾಗ ಎಂಬ ಪದವೊಂದು, ಇವೆರಡು ಸೇರಿ ಮರವನ್ನು ಸುಲಭವಾಗಿ ಅಪರಾಧಿಯಾಗಿಸಿದವು. ಯಾವ ಮರ, ಎಲ್ಲಿಂದ ಬಂದದ್ದು, ಗಂಡೋ ಹೆಣ್ಣೋ ಎಂದು ಮೊದಲ ದಿನದಿಂದ ಬರೆದಿಟ್ಟಿದ್ದರೆ ಚರ್ಚೆ ನೆಲದ ಮೇಲೆ ನಡೆಯುತ್ತಿತ್ತು.

ಕರ್ನಾಟಕದ ರಾಳದ ಮರಗಳ ಕಥೆ ಬಾಲ್ಸಮ್ ಪಾಪ್ಲರ್‌ನ ಕಥೆಗೆ ಬಹಳ ಹತ್ತಿರದ್ದು. ಧೂಪದ ಮರ ಎಂದರೆ ಯಾವುದು? ಘಟ್ಟದಲ್ಲಿ ಒಬ್ಬರು ಬಿಳಿ ಅಂಟು ಕೊಡುವ ವಟೇರಿಯಾ ಇಂಡಿಕಾ ತೋರಿಸಿಯಾರು, ಅದು ಬಿಳಿಧೂಪ, ಸಾಲುಧೂಪ. ಇನ್ನೊಬ್ಬರು ಕಪ್ಪು ರಾಳದ ಕೆನೇರಿಯಮ್ ಸ್ಟ್ರಿಕ್ಟಮ್ ತೋರಿಸಿಯಾರು, ಅದು ಕರಿಧೂಪ, ರಾಳಧೂಪ. ಬಯಲುಸೀಮೆಯ ಕುರುಚಲು ಕಾಡಿನವರಿಗೆ ಬಾಸ್ವೆಲಿಯಾ ಸೆರಾಟವೂ ಧೂಪವೇ. ಹಾಲುಮಡ್ಡಿ ಕೊಡುವ ಐಲಾಂತಸ್ ಟ್ರೈಫೈಸಾಗೂ ಅದೇ ಹೆಸರು ಸಂದಿದೆ. ನಾಲ್ಕೂ ಬೇರೆ ಬೇರೆ ಮರಗಳು, ಮೂರು ಬೇರೆ ಬೇರೆ ಸಸ್ಯಕುಟುಂಬಗಳಿಗೆ ಸೇರಿದವು. ಅಂಟು ತೆಗೆಯುವ ಕ್ರಮ, ತಾಳಿಕೊಳ್ಳುವ ಶಕ್ತಿ, ಕಾಡಿನಲ್ಲಿ ಉಳಿದಿರುವ ಪ್ರಮಾಣ ಎಲ್ಲವೂ ಬೇರೆ. ಇದರ ನಡುವೆ ಹಾಲುಮಡ್ಡಿ ಎಂಬ ಕನ್ನಡ ಪದ ಊದುಬತ್ತಿಯ ಜೊತೆ ಕಡಲು ದಾಟಿ, ಜಗತ್ತಿನ ಅಗರಬತ್ತಿ ಪ್ರಿಯರ ಬಾಯಲ್ಲಿ ಹಾಗೇ ಬಳಕೆಯಾಗುತ್ತಿದೆ. ಮೆಕ್ಸಿಕೋದ ಟಕಾಮಹಾಕ್‌ಗೆ ಆದದ್ದೇ ಇದಕ್ಕೂ ಆಗಬಹುದು. ಮುಂದೊಂದು ದಿನ ಯಾವುದೋ ಬೆರಕೆ ಅಂಟು ಹಾಲುಮಡ್ಡಿಯ ಹೆಸರಲ್ಲಿ ಮಾರಾಟವಾದರೆ ತಡೆಯಲು ನಮ್ಮ ಕೈಯಲ್ಲಿರಬೇಕಾದ ಸಾಕ್ಷ್ಯ ಒಂದೇ, ಈ ಹೆಸರು ಈ ಸೀಮೆಯಲ್ಲಿ ಈ ಮರಕ್ಕೆ ಸಲ್ಲುತ್ತಿತ್ತು ಎಂಬ ದಾಖಲೆ. ಹೊನ್ನೆಯ ವಿಷಯವೂ ಹೀಗೆಯೇ. ಮಧುಮೇಹಕ್ಕೆಂದು ಲೋಟ ಕಡೆಯುವ ಹೊನ್ನೆ, ಕರಾವಳಿಯಲ್ಲಿ ದೀಪಕ್ಕೆ ಎಣ್ಣೆ ಕೊಟ್ಟ ಸುರಹೊನ್ನೆ, ಎರಡೂ ಮಾತಿನಲ್ಲಿ ಹೊನ್ನೆಯೇ. ಒಂದು ಬೀಟೆ, ಹೊಂಗೆಗಳ ಬಳಗದ್ದು, ಇನ್ನೊಂದು ಆ ಬಳಗದ ಹತ್ತಿರವೂ ಸುಳಿಯುವುದಿಲ್ಲ. ಹೊನ್ನೆ ಎಣ್ಣೆಯಿಂದ ಜೈವಿಕ ಇಂಧನ ಎಂಬ ಸುದ್ದಿ ಓದಿದ ರೈತ ಯಾವ ಸಸಿ ಕೇಳಬೇಕು?

ಹಾಗಾದರೆ ಸರ್ಕಾರವೇ ಪ್ರತಿ ಮರಕ್ಕೆ ಒಂದು ಅಧಿಕೃತ ಕನ್ನಡ ಹೆಸರು ಗೊತ್ತುಮಾಡಿ ಮುಗಿಸಲಿ ಎಂಬ ಸಲಹೆ ಆಗಾಗ ಕೇಳಿಬರುತ್ತದೆ. ಕೆನಡಾದ ಅರಣ್ಯದವರು ಬಾಲ್ಸಮ್ ಪಾಪ್ಲರ್ ಎಂಬ ಒಂದೇ ಹೆಸರಲ್ಲಿ ಮರದ ವ್ಯಾಪಾರ ನಡೆಸುತ್ತಾರೆ, ಟೆಂಡರಿಗೆ, ನಾಟಾ ಲೆಕ್ಕಕ್ಕೆ ಅದು ಅನುಕೂಲವೂ ಹೌದು. ಪಠ್ಯಪುಸ್ತಕಕ್ಕೆ, ಆದೇಶಪತ್ರಕ್ಕೆ ಒಂದು ಮುಖ್ಯ ಹೆಸರು ಇರಲಿ, ಅದಕ್ಕೆ ನನ್ನ ವಿರೋಧವಿಲ್ಲ. ವಿರೋಧವಿರುವುದು ಮಿಕ್ಕವನ್ನು ಅಳಿಸುವುದಕ್ಕೆ. ಬಿಳಿಧೂಪ, ಸಾಲುಧೂಪ, ಕರಿಧೂಪ, ರಾಳಧೂಪ, ಹಾಲುಮಡ್ಡಿ ಎಂದು ಬೇರೆ ಮಾಡಿ ಕರೆದವರು ಅಂಟಿನ ಬಣ್ಣವನ್ನೂ ಹದವನ್ನೂ ಕೈಯಲ್ಲಿ ಹಿಡಿದು ನೋಡಿದವರು. ಅವರು ಮಾಡಿದ ವಿಂಗಡಣೆ ಸಸ್ಯವಿಜ್ಞಾನದ ವಿಂಗಡಣೆಗೆ ಬಹುಮಟ್ಟಿಗೆ ತಾಳೆಯಾಗುತ್ತದೆ. ಧೂಪ ಎಂಬ ಸಾಮಾನ್ಯ ಪದಕ್ಕೆ ಎಲ್ಲವನ್ನೂ ಇಳಿಸಿದವರು ಆಮೇಲೆ ಬಂದ ನಾವು, ಪೇಟೆಯ ಬಳಕೆದಾರರು. ಗೊಂದಲಕ್ಕೆ ಹಳ್ಳಿಯ ಹೆಸರುಗಳು ಹೊಣೆಯಲ್ಲ, ಆ ಹೆಸರುಗಳನ್ನು ಅವುಗಳ ಊರಿನಿಂದ ಕಿತ್ತು ತಂದ ರೀತಿ ಹೊಣೆ.

ಇದನ್ನು ಸರಿಪಡಿಸಲು ಹೊಸ ಕಾನೂನು ಬೇಕಿಲ್ಲ. 2002ರ ಜೀವವೈವಿಧ್ಯ ಕಾಯ್ದೆ ಪ್ರತಿ ಸ್ಥಳೀಯ ಸಂಸ್ಥೆಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು ಎನ್ನುತ್ತದೆ. ಊರಿನ ಗಿಡಮರ, ತಳಿ, ಅವುಗಳ ಬಗೆಗಿನ ತಿಳಿವಳಿಕೆಯನ್ನು ಜನತಾ ಜೀವವೈವಿಧ್ಯ ದಾಖಲಾತಿಯಲ್ಲಿ ಬರೆದಿಡುವುದು ಆ ಸಮಿತಿಯ ಕೆಲಸ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2020ರ ಜನವರಿ 31ರ ಗಡುವು ವಿಧಿಸಿ, ತಪ್ಪಿದ ರಾಜ್ಯಗಳಿಗೆ ತಿಂಗಳಿಗೆ 10 ಲಕ್ಷ ರೂಪಾಯಿ ದಂಡದ ಎಚ್ಚರಿಕೆ ಕೊಟ್ಟ ಮೇಲೆ ದೇಶದಾದ್ಯಂತ ದಾಖಲಾತಿಗಳು ಅವಸರದಲ್ಲಿ ಸಿದ್ಧವಾದವು. ಗಡುವಿಗಾಗಿ ತುಂಬಿದ ಪುಸ್ತಕದಲ್ಲಿ ಧೂಪ, ಅಶೋಕ, ಹೊನ್ನೆ ಎಂದು ಒಂದೊಂದೇ ಪದ ಬರೆದಿಟ್ಟರೆ ಅದರಿಂದ ಉಪಯೋಗ ಕಡಿಮೆ. ಗ್ರಾಮ ಪಂಚಾಯಿತಿಗೆ ಸಸ್ಯವಿಜ್ಞಾನಿಯನ್ನು ಎಲ್ಲಿಂದ ತರುವುದು ಎಂಬ ಪ್ರಶ್ನೆ ನ್ಯಾಯವಾದದ್ದು. ಆದರೆ ಒಂದು ಎಲೆ, ಒಂದು ಹೂವು ಅಥವಾ ಕಾಯಿಯ ಫೋಟೊ ತೆಗೆದು ದಾಖಲಾತಿಗೆ ಸೇರಿಸಲು ವಿಜ್ಞಾನಿ ಬೇಕಿಲ್ಲ. ತಾಲ್ಲೂಕಿನ ಪದವಿ ಕಾಲೇಜಿನ ಸಸ್ಯಶಾಸ್ತ್ರ ವಿಭಾಗ ಆ ಚಿತ್ರಕ್ಕೆ ಸಸ್ಯನಾಮ ಸೇರಿಸಬಲ್ಲದು, ವಿದ್ಯಾರ್ಥಿಗಳಿಗೆ ಅದಕ್ಕಿಂತ ಒಳ್ಳೆಯ ಪಾಠ ಸಿಗುವುದೂ ಕಷ್ಟ. ಹೆಸರು ಹೇಳಿದವರು ಯಾವ ಊರಿನವರು, ಯಾವ ಮನೆಮಾತಿನವರು, ಮರವನ್ನು ಯಾವುದಕ್ಕೆ ಬಳಸುತ್ತಾರೆ ಎಂಬ ಮೂರು ಸಾಲು ಅದರ ಜೊತೆಗಿದ್ದರೆ ದಾಖಲೆ ಪೂರ್ತಿ. ತುಳು, ಕೊಡವ, ಕೊಂಕಣಿ, ಸೋಲಿಗರ ಮಾತು, ಹಾಲಕ್ಕಿ ಒಕ್ಕಲಿಗರ ಮಾತು, ಯಾವುದರಲ್ಲಿ ಹೇಳಿದರೆ ಅದರಲ್ಲೇ ಬರೆಯಬೇಕು. ಕನ್ನಡಕ್ಕೆ ತಿದ್ದಬಾರದು.

ಪಂಚಾಯಿತಿ ಸದಸ್ಯರಿಗೆ, ಶಿಕ್ಷಕರಿಗೆ ನನ್ನ ಕೋರಿಕೆ ಇದು. ನಿಮ್ಮ ಊರಿನ ದಾಖಲಾತಿ ಎಲ್ಲಿದೆ ಎಂದು ಕೇಳಿ ತೆರೆಸಿ ನೋಡಿ. ಒಂದೇ ಪದದ ಸಾಲುಗಳಿದ್ದರೆ ಊರಿನ ಹಿರಿಯರನ್ನು ಕೂರಿಸಿಕೊಂಡು ಮತ್ತೆ ಬರೆಸಿ. ಅಂಟು, ತೊಗಟೆ, ಕಾಯಿಯ ಹೆಸರು ಗೊತ್ತಿರುವವರು ಈಗಲೂ ಇದ್ದಾರೆ, ಮುಂದಿನ ಇಪ್ಪತ್ತು ವರ್ಷಕ್ಕೂ ಇರುತ್ತಾರೆಂದು ಹೇಳಲಾಗದು.